ಪೆನ್‌ಡ್ರೈವಿನಲ್ಲಿ ಬಂದ ಲ್ಯಾಬು: ಹೊಸನಗರ ಕಡೆಯ ಹೈಸ್ಕೂಲಿನಲ್ಲಿ ಫೆಟ್ ಸಿಮ್ಯುಲೇಶನ್

ಜುಲೈ ತಿಂಗಳಲ್ಲಿ ನಮ್ಮ ಹತ್ತನೇ ಕ್ಲಾಸಿನ ಕೋಣೆಯಲ್ಲಿ ಪಾಠ ಮಾಡುವುದೆಂದರೆ ಗಂಟಲಿನ ಕೆಲಸ. ಹಳೇ ಹೆಂಚು ತೆಗೆಸಿ ಶೀಟು ಹೊದೆಸಿದ್ದಾರೆ. ಮಳೆ ಹಿಡಿಯಿತೆಂದರೆ ಮೂರನೇ ಬೆಂಚಿನಾಚೆ ನನ್ನ ದನಿ ಹೋಗುವುದಿಲ್ಲ. ಇಂಥ ಕೋಣೆಯಲ್ಲಿ ವಿಡಿಯೋ ಪಾಠ ಹಾಕಿದರೆ ಮಕ್ಕಳಿಗೆ ಬಾಯಿ ಆಡುವುದು ಕಾಣುತ್ತದೆ, ಮಾತು ಕೇಳುವುದಿಲ್ಲ. ಸ್ಪೀಕರ್ ಹಾಕಿ ನೋಡಿದ್ದೇನೆ, ಪಕ್ಕದ ಒಂಬತ್ತನೇ ಕ್ಲಾಸಿನ ಗಣಿತ ನಿಂತುಹೋಗುತ್ತದೆ. ನಾನು ಪರದೆಯ ಮೇಲೆ ನಾವೇ ಮಾಡಿ ನೋಡುವ ಪ್ರಯೋಗಗಳಾದ ಫೆಟ್ ಸಿಮ್ಯುಲೇಶನ್‌ಗಳನ್ನು ಹಿಡಿದುಕೊಂಡಿದ್ದಕ್ಕೆ ಮೊದಲ ಕಾರಣ ಇದೇ. ಅವುಗಳಿಗೆ ಮಾತು ಬೇಡ. ಪರದೆಯ ಮೇಲೆ ಒಂದು ಬ್ಯಾಟರಿ ಇದೆ, ಒಂದು ಬಲ್ಬಿದೆ, ತಂತಿ ಇದೆ. ಜೋಡಿಸಬೇಕು, ಏನಾಗುತ್ತದೆಂದು ನೋಡಬೇಕು.

ಮೂರು ಮಳೆಗಾಲ ಬಳಸಿದ ಮೇಲೆ ಇದನ್ನು ಬರೆಯುತ್ತಿದ್ದೇನೆ. ವಿಜ್ಞಾನ ಕಲಿಸುವ ಸರ್ಕಾರಿ ಶಾಲೆಯವರಿಗೆ, ಅದರಲ್ಲೂ ನೆಟ್‌ವರ್ಕ್ ಕೈಕೊಡುವ ಊರಿನವರಿಗೆ ಉಪಯೋಗ ಆಗಬಹುದು.

ಗೊತ್ತಿಲ್ಲದವರಿಗೆ ಎರಡು ಮಾತು. ಫೆಟ್ ಎನ್ನುವುದು ಅಮೆರಿಕದ ಬೌಲ್ಡರ್ ಊರಿನಲ್ಲಿರುವ ಕೊಲೊರಾಡೊ ವಿಶ್ವವಿದ್ಯಾಲಯದ ಯೋಜನೆ. 2001ರಲ್ಲಿ ಭೌತವಿಜ್ಞಾನದ ನೊಬೆಲ್ ಹಂಚಿಕೊಂಡ ಕಾರ್ಲ್ ವೀಮನ್ ಅವರು 2002ರಲ್ಲಿ ಶುರುಮಾಡಿದ್ದು. ಆಗ ಬರೀ ಭೌತವಿಜ್ಞಾನಕ್ಕೆ ಇತ್ತು, ಈಗ ರಸಾಯನ, ಜೀವವಿಜ್ಞಾನ, ಗಣಿತಕ್ಕೂ ಇದೆ. ದುಡ್ಡು ಕೊಡಬೇಕಾಗಿಲ್ಲ, ಸಿಮ್ಯುಲೇಶನ್ ತೆರೆಯಲು ಲಾಗಿನ್ ಕೂಡ ಬೇಡ. ಮೊದಲಿನವು ಹಳೇ ತಂತ್ರಾಂಶಗಳಾದ ಜಾವಾ, ಫ್ಲ್ಯಾಶ್‌ನಲ್ಲಿ ಇದ್ದವು. 2020ರ ಕೊನೆಗೆ ಫ್ಲ್ಯಾಶ್ ನಿಂತುಹೋಯಿತು. ಈಗಿನವು ಬ್ರೌಸರಿನಲ್ಲೇ ತೆರೆಯುವ ಎಚ್‌ಟಿಎಂಎಲ್5. ಒಂದು ಸಿಮ್ಯುಲೇಶನ್ ಅಂದರೆ ಒಂದೇ ಒಂದು ಫೈಲು, ಅದೂ ಕೆಲವೇ ಎಂಬಿಯದು. ಒಮ್ಮೆ ಇಳಿಸಿಕೊಂಡರೆ ಇಂಟರ್ನೆಟ್ ಬೇಕಿಲ್ಲ. ಪೆನ್‌ಡ್ರೈವಿಗೆ ಹಾಕಿ, ಯಾವ ಕಂಪ್ಯೂಟರಿಗೆ ಬೇಕಾದರೂ ಚುಚ್ಚಿ, ಬ್ರೌಸರಿನಲ್ಲಿ ತೆರೆಯಿರಿ. ಮೊಬೈಲಿನಲ್ಲೂ ಓಡುತ್ತದೆ.

ಈ ಒಂದೇ ಫೈಲಿನ ಬೆಲೆ ನನಗೆ ಗೊತ್ತಾಗಿದ್ದು ಬೇರೊಂದು ಪೆಟ್ಟಿಗೆಯಿಂದ. ಹಿಂದಿನ ಶಾಲೆಯಲ್ಲಿ ಹಳೆಯ ವಿದ್ಯಾರ್ಥಿಗಳು ಚಂದಾ ಎತ್ತಿ ಒಂದು ಕಂಪನಿಯ ಸ್ಮಾರ್ಟ್ ಕ್ಲಾಸ್ ಹಾಕಿಸಿಕೊಟ್ಟಿದ್ದರು. ಗೋಡೆಗೆ ಪರದೆ, ಮೇಜಿನ ಮೇಲೆ ಕಪ್ಪು ಪೆಟ್ಟಿಗೆ, ಉದ್ಘಾಟನೆಗೆ ಊರವರೆಲ್ಲ ಬಂದಿದ್ದರು. ಮೂರು ವರ್ಷ ನಡೆಯಿತು. ನಾಲ್ಕನೇ ವರ್ಷದ ಜೂನ್‌ನಲ್ಲಿ ಹಾಕಿದರೆ ಪಾಸ್‌ವರ್ಡ್ ಕೇಳಿತು. ಫೋನ್ ಮಾಡಿದಾಗ ಲೈಸೆನ್ಸ್ ಮುಗಿದಿದೆ, ಮತ್ತೆ ದುಡ್ಡು ಕಟ್ಟಬೇಕು ಅಂದರು. ಚಂದಾ ಕೊಟ್ಟವರಲ್ಲಿ ಒಬ್ಬರು ಅಡಿಕೆ ಸುಲಿದು ಬಂದ ಕೂಲಿಯಲ್ಲಿ ಐನೂರು ಕೊಟ್ಟಿದ್ದರು. ಅವರ ಮಗಳು ನನ್ನ ಕ್ಲಾಸಿನಲ್ಲೇ ಕೂತಿದ್ದಳು. ಆ ಪೆಟ್ಟಿಗೆಯ ಮೇಲೆ ಬಟ್ಟೆ ಮುಚ್ಚಿದ ದಿನ ನನಗಾದ ಬೇಜಾರು ಇವತ್ತಿಗೂ ಹೋಗಿಲ್ಲ. ಹಾಗಾಗಿ ಈಗ ಯಾವ ಡಿಜಿಟಲ್ ಸಾಮಾನು ಬಂದರೂ ನಾನು ಕೇಳುವ ಮೊದಲ ಪ್ರಶ್ನೆ: ಇದು ನಮ್ಮ ಹತ್ತಿರ ಉಳಿಯುತ್ತದಾ?

ಈಗಿನ ಶಾಲೆಯಲ್ಲಿ ನಮ್ಮ ಹತ್ತಿರ ಇರುವುದು ಒಂದು ಹಳೇ ಲ್ಯಾಪ್‌ಟಾಪ್, ಒಂದು ಪ್ರೊಜೆಕ್ಟರ್. ಲ್ಯಾಪ್‌ಟಾಪಿನ ಬ್ಯಾಟರಿ ನಲವತ್ತು ನಿಮಿಷ ತಡೆಯುತ್ತದೆ, ಒಂದು ಪೀರಿಯಡ್ಡಿಗೆ ಸರಿಯಾಗಿ. ಮಳೆಗಾಲದಲ್ಲಿ ಲೈನಿನ ಮೇಲೆ ಮರ ಬಿದ್ದರೆ ಎರಡು ದಿನ ಕರೆಂಟಿರುವುದಿಲ್ಲ. ಆಗ ಪ್ರೊಜೆಕ್ಟರ್ ಬಿಟ್ಟು ಲ್ಯಾಪ್‌ಟಾಪನ್ನು ನಡುವಿನ ಬೆಂಚಿನ ಮೇಲಿಟ್ಟು ಎಂಟೆಂಟು ಮಕ್ಕಳನ್ನು ಸುತ್ತ ಕೂರಿಸುತ್ತೇನೆ. ಉಳಿದವರು ಅದೇ ಹೊತ್ತಿಗೆ ನಿಜವಾದ ಸೆಲ್ಲು, ಟಾರ್ಚ್ ಬಲ್ಬು ಹಿಡಿದು ಕೆಲಸ ಮಾಡುತ್ತಾರೆ. ಆಮೇಲೆ ಜಾಗ ಬದಲು. ಈ ಅದಲುಬದಲೇ ಪಾಠ ಆಗುತ್ತದೆಂದು ಮೊದಲ ವರ್ಷ ನನಗೆ ಅನ್ನಿಸಿರಲಿಲ್ಲ.

ವಿದ್ಯುಚ್ಛಕ್ತಿ ಅಧ್ಯಾಯದಿಂದಲೇ ಹೇಳುತ್ತೇನೆ. ಎಷ್ಟು ವರ್ಷ ಕಲಿಸಿದರೂ ಮಕ್ಕಳ ತಲೆಯಿಂದ ಹೋಗದ ಒಂದು ನಂಬಿಕೆ ಇದೆ. ಎರಡು ಬಲ್ಬನ್ನು ಸರಣಿಯಲ್ಲಿ ಜೋಡಿಸಿದರೆ ಮೊದಲ ಬಲ್ಬು ಕರೆಂಟನ್ನು ಒಂದಿಷ್ಟು ತಿಂದು, ಉಳಿದದ್ದು ಎರಡನೆಯದಕ್ಕೆ ಹೋಗುತ್ತದೆ ಎಂದು. ಪರೀಕ್ಷೆಯಲ್ಲಿ "ಸರಣಿ ಜೋಡಣೆಯಲ್ಲಿ ವಿದ್ಯುತ್ ಪ್ರವಾಹ ಎಲ್ಲ ಕಡೆ ಒಂದೇ" ಎಂದು ಬರೆಯುತ್ತಾರೆ, ಪೂರ್ತಿ ಅಂಕ ತೆಗೆದುಕೊಳ್ಳುತ್ತಾರೆ, ಮನಸ್ಸಿನಲ್ಲಿ ಮಾತ್ರ ನಂಬುವುದಿಲ್ಲ. ನಿಜವಾದ ಬಲ್ಬು ಹಿಡಿದರೆ ಆ ನಂಬಿಕೆ ಇನ್ನೂ ಗಟ್ಟಿಯಾಗುತ್ತದೆ. ಅಂಗಡಿಯಿಂದ ತಂದ ಎರಡು ಟಾರ್ಚ್ ಬಲ್ಬು ಎಂದೂ ಒಂದೇ ಸಮ ಉರಿಯುವುದಿಲ್ಲ. ಒಂದು ಸ್ವಲ್ಪ ಮಂಕು, ಒಂದು ಸ್ವಲ್ಪ ಜೋರು. "ನೋಡಿ ಮೇಡಂ, ಮೊದಲಿಂದೇ ತಿಂದ್ಕೊಂಡ್ತು" ಅನ್ನುತ್ತಾರೆ.

ಫೆಟ್‌ನಲ್ಲಿ ಡಿಸಿ (ಒಂದೇ ದಿಕ್ಕಿಗೆ ಹರಿಯುವ ಪ್ರವಾಹದ) ವಿದ್ಯುನ್ಮಂಡಲ ಕಟ್ಟುವ ಸಿಮ್ಯುಲೇಶನ್ ಇದೆ. ಬ್ಯಾಟರಿ 9 ವೋಲ್ಟಿನದು, ಬಲ್ಬಿನ ರೋಧ, ಅಂದರೆ ಪ್ರವಾಹಕ್ಕೆ ಅದು ಒಡ್ಡುವ ಅಡ್ಡಿ, 10 ಓಮ್. ಒಂದು ಬಲ್ಬು ಹಾಕಿದರೆ ಪ್ರವಾಹ ಅಳೆಯುವ ಅಮ್ಮೀಟರ್ 0.90 ಆಂಪಿಯರ್ ತೋರಿಸುತ್ತದೆ. ಸರಣಿಯಲ್ಲಿ ಎರಡನೆಯದು ಸೇರಿಸಿದರೆ 0.45. ನಾನು ಮಾಡಿಸುವುದು ಇಷ್ಟೇ: ಅಮ್ಮೀಟರನ್ನು ಮೊದಲ ಬಲ್ಬಿನ ಹಿಂದೆ, ಎರಡರ ನಡುವೆ, ಕೊನೆಗೆ, ಹೀಗೆ ಮೂರು ಕಡೆ ಇಡಬೇಕು. ಇಡುವ ಮುಂಚೆ ಎಷ್ಟು ಬರುತ್ತದೆಂದು ನೋಟ್‌ಬುಕ್ಕಿನಲ್ಲಿ ಬರೆಯಬೇಕು. ಕಳೆದ ವರ್ಷ ಮೂವತ್ತೆಂಟು ಮಕ್ಕಳಲ್ಲಿ ಮೂವತ್ತಕ್ಕಿಂತ ಹೆಚ್ಚು ಜನ ಇಳಿಕೆ ಕ್ರಮದ ಮೂರು ಸಂಖ್ಯೆ ಬರೆದಿದ್ದರು. ಪರದೆಯಲ್ಲಿ ಮೂರೂ ಕಡೆ 0.45 ಬಂದಾಗ ಕ್ಲಾಸು ಒಂದು ಕ್ಷಣ ಸುಮ್ಮನಾಯಿತು. ಒಬ್ಬ ಎದ್ದು ಬಂದು ತಾನೇ ಮತ್ತೆ ಇಟ್ಟು ನೋಡಿದ. ನೀಲಿ ಬಣ್ಣದ ಇಲೆಕ್ಟ್ರಾನುಗಳು ತಂತಿಯ ತುಂಬ ಒಂದೇ ವೇಗದಲ್ಲಿ ಸರಿದಾಡುವುದು ಕಾಣುತ್ತಿತ್ತು. ಆಗ ಹಿಂದಿನ ಬೆಂಚಿನಿಂದ ಒಬ್ಬಳು, ಎಂದೂ ಬಾಯಿ ಬಿಡದವಳು, ಹೇಳಿದಳು: "ಅಬ್ಬಿ ದಂಬೆ ಹಂಗೆ ಅಲ್ದಾ ಮೇಡಂ? ದಂಬೆಲಿ ನೀರು ಎಲ್ಲಿ ಕೈ ಇಟ್ರೂ ಅಷ್ಟೇ ಬರೋದಲ್ವಾ?"

ಗುಡ್ಡದ ಒರತೆಯಿಂದ ಮನೆ ಹಿತ್ತಲಿಗೆ ಅಡಿಕೆ ಮರ ಸೀಳಿ ಮಾಡಿದ ದಂಬೆ ಜೋಡಿಸಿ ನೀರು ತರುವ ಮನೆಯ ಹುಡುಗಿ ಅವಳು. ಹದಿನಾಲ್ಕು ವರ್ಷದಿಂದ ನಾನು ಕೊಡುತ್ತಿದ್ದ ಉದಾಹರಣೆಗಳಿಗಿಂತ ಅವಳದು ಸರಿಯಾಗಿತ್ತು. ಅವತ್ತಿನಿಂದ ನಾನು ಅದನ್ನೇ ಹೇಳುತ್ತೇನೆ, ಅವಳ ಹೆಸರು ಹೇಳಿ ಹೇಳುತ್ತೇನೆ.

ಸರಣಿಗೂ ಸಮಾಂತರ ಜೋಡಣೆಗೂ ಇರುವ ವ್ಯತ್ಯಾಸಕ್ಕೆ ಗಣಪತಿ ಹಬ್ಬದ ಸೀರಿಯಲ್ ಸೆಟ್ಟೂ ಮನೆಯ ಬಲ್ಬೂ ಸಾಕಾಗುತ್ತದೆ. ಹಳೇ ಸೆಟ್ಟಿನಲ್ಲಿ ಒಂದು ಬಲ್ಬು ಹೋದರೆ ಸಾಲೆಲ್ಲ ಕತ್ತಲೆ, ಮನೆಯಲ್ಲಿ ಅಡುಗೆಮನೆ ಬಲ್ಬು ಹೋದರೆ ಜಗಲಿಯದು ಉರಿಯುತ್ತಲೇ ಇರುತ್ತದೆ. ಎರಡನ್ನೂ ಪರದೆಯಲ್ಲಿ ಕಟ್ಟಿ, ಒಂದು ಬಲ್ಬು ಕಿತ್ತು ತೋರಿಸಿದರೆ ಐದು ನಿಮಿಷದ ಪಾಠ.

ಮಕ್ಕಳು ತಾವಾಗಿ ಮೊದಲು ಮಾಡುವುದು ಏನು ಗೊತ್ತೇ? ಬ್ಯಾಟರಿಯ ಎರಡು ತುದಿಗೆ ಬರೀ ತಂತಿ ಸಿಕ್ಕಿಸಿ ಬೆಂಕಿ ಹತ್ತಿಸುವುದು. ಪರದೆಯ ಮೇಲೆ ಜ್ವಾಲೆ ಏಳುತ್ತದೆ. ಮೊದಮೊದಲು ನಾನು ಬೈಯುತ್ತಿದ್ದೆ. ಈಗ ಮೊದಲ ಹತ್ತು ನಿಮಿಷ ಬಿಟ್ಟುಬಿಡುತ್ತೇನೆ. ಫೆಟ್‌ನವರು ಶಿಕ್ಷಕರಿಗೆ ಕೊಡುವ ಸಲಹೆಯೂ ಅದೇ, ಐದರಿಂದ ಹತ್ತು ನಿಮಿಷ ಮಕ್ಕಳನ್ನು ಅವರ ಪಾಡಿಗೆ ಆಡಲು ಬಿಡಿ ಎಂದು. ಶಾರ್ಟ್ ಸರ್ಕ್ಯೂಟ್ ಎಂಬ ಪದ ಇಲ್ಲಿ ಎಲ್ಲ ಮಗುವಿಗೂ ಗೊತ್ತು, ಪಂಪ್‌ಸೆಟ್ ಸುಟ್ಟ ಮನೆಗಳಿವೆ. ಆದರೆ ರೋಧ ಇಲ್ಲದೆ ಹೋದರೆ ಪ್ರವಾಹ ಮಿತಿಮೀರುತ್ತದೆ ಎಂಬುದನ್ನು ಕೈಯಾರೆ ಮಾಡಿ, ಯಾರಿಗೂ ಪೆಟ್ಟಾಗದಂತೆ ನೋಡುವ ಜಾಗ ಇದೊಂದೇ. ತಪ್ಪು ಮಾಡಿದರೆ ಸಾಮಾನು ಹಾಳಾಗುತ್ತದೆ, ಮೇಡಂ ಬೈಯುತ್ತಾರೆ ಎನ್ನುವ ಹೆದರಿಕೆ ನಮ್ಮ ಮಕ್ಕಳಲ್ಲಿ ತುಂಬ ಇದೆ. ಲ್ಯಾಬಿನ ಬೀರು ತೆಗೆಯುವುದಕ್ಕೇ ಅಂಜುತ್ತಾರೆ. ಪರದೆಯ ಬ್ಯಾಟರಿ ಎಷ್ಟು ಸಲ ಸುಟ್ಟರೂ ಹೊಸದು ಬರುತ್ತದೆ. ಫೆಟ್‌ನಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಇದು.

ಇನ್ನೊಂದು ಸಿಮ್ಯುಲೇಶನ್ನಿನ ಬಗ್ಗೆ ಸ್ವಲ್ಪ ಉದ್ದಕ್ಕೆ ಹೇಳಬೇಕು, ಪಿಎಚ್ ಸ್ಕೇಲ್. ದ್ರಾವಣ ಎಷ್ಟು ಆಮ್ಲೀಯ, ಎಷ್ಟು ಪ್ರತ್ಯಾಮ್ಲೀಯ ಎಂದು ಹೇಳುವ ಅಳತೆ ಅದು: 7 ತಟಸ್ಥ, ಕೆಳಗಿಳಿದಷ್ಟೂ ಆಮ್ಲ, ಮೇಲೇರಿದಷ್ಟೂ ಪ್ರತ್ಯಾಮ್ಲ. ಒಂದು ತೊಟ್ಟಿ, ಮೇಲೊಂದು ನಲ್ಲಿ, ಕೆಳಗೊಂದು ನಲ್ಲಿ, ಅದ್ದಿ ನೋಡಲು ಒಂದು ಅಳತೆಯ ಕಡ್ಡಿ. ಹಾಲು 6.5, ಕಾಫಿ 5, ಕಿತ್ತಳೆ ರಸ 3.5, ರಕ್ತ 7.4, ಕೈತೊಳೆಯುವ ಸೋಪು 10. ಉಗುಳು, ವಾಂತಿ ಕೂಡ ಪಟ್ಟಿಯಲ್ಲಿದೆ. ಮಕ್ಕಳು ನಗುತ್ತಾರೆ, ಆದರೆ ವಾಂತಿಯ 2 ಎಂಬ ಸಂಖ್ಯೆಯನ್ನು ಅವರು ಮರೆತದ್ದು ನಾನು ನೋಡಿಲ್ಲ.

ನಾನು ಈ ಪಾಠ ತೆಗೆದುಕೊಂಡದ್ದು ಜೂನ್ ಎರಡನೇ ವಾರ. ತೋಟದಲ್ಲಿ ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆಯುವ ಗಡಿಬಿಡಿ. ಅರ್ಧ ಹುಡುಗರು ಅಪ್ಪನ ಜೊತೆ ಡ್ರಮ್ಮಿನ ಹತ್ತಿರ ನಿಂತು, ಬಟ್ಟೆಯ ಮೇಲೆ ನೀಲಿ ಕಲೆ ಮಾಡಿಕೊಂಡು ಬಂದಿದ್ದರು. ಬೋರ್ಡೋ ದ್ರಾವಣ ನಮ್ಮಲ್ಲಿ ಎಲ್ಲರಿಗೂ ಗೊತ್ತು: ಶೇಕಡಾ 1ರದ್ದು ಮಾಡಲು ಒಂದು ಕೆಜಿ ಮೈಲುತುತ್ತು (ತಾಮ್ರದ ಸಲ್ಫೇಟ್), ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು. ಒಬ್ಬ ಕೇಳಿದ: "ಮೇಡಂ, ತುತ್ತು ಖಾರ ಆದ್ರೆ ಎಳೇಕಾಯಿ ಸುಡ್ತದೆ ಅಂತಾರೆ. ಹಂಗಾದ್ರೆ ನೀರು ಜಾಸ್ತಿ ಹಾಕಿದ್ರೆ ಸಾಕಲ್ಲ, ಸುಣ್ಣ ಎಂತಕ್ಕೆ?"

ಪುಸ್ತಕದ ಉತ್ತರ ನನಗೆ ಗೊತ್ತಿತ್ತು. ಹೇಳಲಿಲ್ಲ, ಲ್ಯಾಪ್‌ಟಾಪ್ ಅವನ ಮುಂದಿಟ್ಟೆ. ಪಟ್ಟಿಯಲ್ಲಿ ಮೈಲುತುತ್ತು ಇಲ್ಲ. ಬ್ಯಾಟರಿ ಆಮ್ಲ ತೆಗೆದುಕೊಂಡ. ತೊಟ್ಟಿಯಲ್ಲಿ ಅರ್ಧ ಲೀಟರ್, ಪಿಎಚ್ 1.00. ಮೇಲಿನ ನಲ್ಲಿ ಬಿಟ್ಟು ತೊಟ್ಟಿ ತುಂಬುವವರೆಗೆ, ಅಂದರೆ 1.2 ಲೀಟರ್ ಆಗುವವರೆಗೆ ನೀರು ಹಾಕಿದ. 1.38. "ಇಷ್ಟೇನಾ?" ಅಂದ. ಕೆಳಗಿನ ನಲ್ಲಿಯಿಂದ ಬಸಿದು ಮತ್ತೆ ತುಂಬಿಸಿದ. ಮತ್ತೆ ಬಸಿದ, ಮತ್ತೆ ತುಂಬಿಸಿದ. ಸುತ್ತ ಇದ್ದವರು ಎಣಿಸತೊಡಗಿದರು. ಪಿಎಚ್ ಒಂದು ಮೆಟ್ಟಿಲು ಏರಬೇಕಾದರೆ ಹತ್ತು ಪಟ್ಟು ನೀರು ಬೇಕು ಎಂದು ಅವರಿಗೆ ಆ ಎಣಿಕೆಯಲ್ಲೇ ಹೊಳೆಯಿತು. ಸಂಖ್ಯೆ 7ರ ಹತ್ತಿರ ಹತ್ತಿರ ಬರುತ್ತದೆ, ದಾಟುವುದಿಲ್ಲ. ಸೋಪಿಗೆ ನೀರು ಹಾಕಿದರೆ ಆ ಕಡೆಯಿಂದ ಇಳಿದು ಬರುತ್ತದೆ, ಅದೂ 7 ದಾಟುವುದಿಲ್ಲ. ನೀರು ಆಮ್ಲದ ಖಾರ ಕಡಿಮೆ ಮಾಡಬಹುದು, ಆಚೆಗೆ ದಾಟಿಸಲಾರದು, ದಾಟಿಸಲು ಸುಣ್ಣವೇ ಬೇಕು. ಇನ್ನು ಅಷ್ಟು ನೀರು ಬೆರೆಸಿದರೆ ಕೊಳೆಗೆ ತಾಗುವ ತಾಮ್ರವೇ ಉಳಿಯುವುದಿಲ್ಲ. ಇದನ್ನು ಹೇಳಿದ್ದೂ ಅವನೇ.

ಆಮೇಲೆ ಇನ್ನೊಬ್ಬ, "ನಮ್ಮಪ್ಪ ಕತ್ತಿ ತುದಿ ಅದ್ದಿ ನೋಡ್ತಾರೆ. ಕೆಂಪು ಹತ್ತಿದ್ರೆ ಇನ್ನೊಂಚೂರು ಸುಣ್ಣ ಹಾಕ್ತಾರೆ" ಅಂದ. ನನಗೆ ಮೈ ಜುಮ್ಮೆಂದಿತು. ಮೊದಲ ಅಧ್ಯಾಯದಲ್ಲಿ ತಾಮ್ರದ ಸಲ್ಫೇಟಿನಲ್ಲಿ ಕಬ್ಬಿಣದ ಮೊಳೆ ಅದ್ದುವ ಪ್ರಯೋಗ ಇದೆ. ಕಬ್ಬಿಣವು ತಾಮ್ರವನ್ನು ಸ್ಥಾನಪಲ್ಲಟ ಮಾಡುತ್ತದೆ, ಮೊಳೆಗೆ ಕೆಂಪು ಲೇಪ ಹತ್ತುತ್ತದೆ. ಎರಡು ವಾರದ ಹಿಂದೆ ನಾವೆಲ್ಲ ಅದನ್ನು ಮಾಡಿ ಬರೆದುಕೊಂಡಿದ್ದೆವು. ಅದೇ ಪ್ರಯೋಗ ಪ್ರತಿ ವರ್ಷ ಅವರ ಅಂಗಳದಲ್ಲಿ ನಡೆಯುತ್ತಿದೆ ಎಂದು ಅವತ್ತಿನವರೆಗೆ ಮಕ್ಕಳೂ ಜೋಡಿಸಿರಲಿಲ್ಲ, ನಾನೂ ಜೋಡಿಸಿರಲಿಲ್ಲ. ಎರಡನೇ ಸಲದ ಔಷಧಿಯ ಹೊತ್ತಿಗೆ ಆ ಹುಡುಗ ಶಾಲೆಯಿಂದ ಪಿಎಚ್ ಪೇಪರಿನ ನಾಲ್ಕು ಚೂರು ಕೇಳಿ ಒಯ್ದ. ಅಪ್ಪನ ಕತ್ತಿ, ತನ್ನ ಪೇಪರು, ಎರಡೂ ಒಂದೇ ಮಾತು ಹೇಳಿದವಂತೆ.

ಫ್ಯಾರಡೆ ನಿಯಮದ್ದು ಚಿಕ್ಕದು, ಚೊಕ್ಕದು. ಸುರುಳಿಯೊಳಗೆ ಆಯಸ್ಕಾಂತ ಆಡಿಸಿದರೆ ಬಲ್ಬು ಮಿಣುಕುತ್ತದೆ, ನಿಲ್ಲಿಸಿದರೆ ಆರುತ್ತದೆ. ನಮ್ಮ ಮಕ್ಕಳಲ್ಲಿ ಕೆಲವರ ಅಜ್ಜಂದಿರು 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರಿಗೆ ಗದ್ದೆ ಬಿಟ್ಟು ಬಂದವರು. ಶರಾವತಿಯ ವಿದ್ಯುದಾಗಾರದಲ್ಲಿ 103.5 ಮೆಗಾವಾಟಿನ ಹತ್ತು ಘಟಕ, ಒಟ್ಟು 1,035 ಮೆಗಾವಾಟ್, ಎಂದು ಅವರಿಗೆ ಸಾಮಾನ್ಯ ಜ್ಞಾನದ ಪುಸ್ತಕದಿಂದ ಗೊತ್ತು. ನೀರು ಬಿದ್ದರೆ ಕರೆಂಟು ಹೇಗೆ ಬರುತ್ತದೆ ಎನ್ನುವುದು ಗೊತ್ತಿರಲಿಲ್ಲ. ಆಯಸ್ಕಾಂತವನ್ನು ಕೈಯಿಂದ ಆಡಿಸುವ ಬದಲು ನೀರು ತಿರುಗಿಸುತ್ತದೆ ಎಂದಷ್ಟೇ ನಾನು ಸೇರಿಸಿದೆ.

ಇನ್ನು ಕೊರತೆಗಳು. ಇವನ್ನು ತಿಳಿಯದೆ ಬಳಸಿದರೆ ಪಾಠ ಕೆಡುತ್ತದೆ.

ಎಲ್ಲ ಸಿಮ್ಯುಲೇಶನ್ ಕನ್ನಡದಲ್ಲಿಲ್ಲ. ಇಂಗ್ಲಿಷಿನದನ್ನು ಹಾಕುವ ದಿನ ನಾನು ಬೋರ್ಡಿನ ಎಡಗಡೆ ನಮ್ಮ ಪಠ್ಯಪುಸ್ತಕದ ಪದಗಳನ್ನು ಮೊದಲೇ ಬರೆದಿಟ್ಟಿರುತ್ತೇನೆ: ವಿಭವಾಂತರ, ರೋಧ, ವಕ್ರೀಭವನ, ಸಂಗಮ ದೂರ. ಪರೀಕ್ಷೆ ಬರೆಯುವುದು ಆ ಪದದಲ್ಲಿ, ಅದು ಕಣ್ಣ ಮುಂದೆ ಇರಬೇಕು. ಕನ್ನಡ ಮಾಧ್ಯಮದ ಮಗುವಿಗೆ ಪರದೆಯ ಇಂಗ್ಲಿಷ್ ಅಕ್ಷರ ನೋಡಿದ ಕೂಡಲೇ ಇದು ತನ್ನದಲ್ಲ ಅನ್ನಿಸಿಬಿಡುತ್ತದೆ. ಆ ಮುಖ ಇಳಿಯುವುದನ್ನು ನೋಡಿದ್ದೇನೆ.

ಎರಡನೆಯದು ದೊಡ್ಡದು. ಪರದೆಯ ಜಗತ್ತು ತೀರಾ ಶಿಸ್ತಿನದು. ಅಲ್ಲಿ ಬ್ಯಾಟರಿ ಇಳಿಯುವುದಿಲ್ಲ, ತುಕ್ಕು ಹಿಡಿದ ಹೋಲ್ಡರ್ ಇಲ್ಲ, ಬಲ್ಬು ಬಿಸಿಯಾದರೂ ರೋಧ 10 ಓಮ್‌ಗೆ ನಿಂತಿರುತ್ತದೆ. ನಿಜವಾದ ಬಲ್ಬಿನ ತಂತು ಕಾದಂತೆ ಅದರ ರೋಧ ಏರುತ್ತದೆ. ಮೊದಲ ವರ್ಷ ನಾನು ಬರೀ ಸಿಮ್ಯುಲೇಶನ್ ತೋರಿಸಿ ಬಿಟ್ಟಿದ್ದೆ. ಮಕ್ಕಳು ನಿಜವಾದ ಸೆಲ್ಲು ಹಿಡಿದಾಗ ಲೆಕ್ಕ ಸರಿಬರದೆ, "ನಮ್ಮದು ತಪ್ಪು" ಎಂದು ಅಂಕಿಗಳನ್ನು ತಿದ್ದಿ ಬರೆದರು. ಕಂಡದ್ದನ್ನು ಬಿಟ್ಟು ಪರದೆಯದ್ದನ್ನು ನಂಬಿದರು. ವಿಜ್ಞಾನದ ಮೇಷ್ಟ್ರಿಗೆ ಇದಕ್ಕಿಂತ ದೊಡ್ಡ ಸೋಲಿಲ್ಲ. ಅಲ್ಲಿಂದ ಕ್ರಮ ಬದಲಿಸಿದೆ: ಮೊದಲು ಸೆಲ್ಲು ಬಲ್ಬು, ನಡುವೆ ಪರದೆ, ಕೊನೆಗೆ ಮತ್ತೆ ಸೆಲ್ಲು ಬಲ್ಬು, ವ್ಯತ್ಯಾಸ ಎಲ್ಲಿಂದ ಬಂತೆಂಬ ಚರ್ಚೆ. ಒಂದು ಪೀರಿಯಡ್ ಜಾಸ್ತಿ ಹಿಡಿಯುತ್ತದೆ, ಹಿಡಿಯಲಿ.

ಹಾಗೇ ಮೌಸಿನ ವಿಷಯ. ಬಿಟ್ಟರೆ ಮುಂದಿನ ಸಾಲಿನ ಇಬ್ಬರು ಹುಡುಗರೇ ಹಿಡಿದುಕೊಳ್ಳುತ್ತಾರೆ, ಹುಡುಗಿಯರು ಹಿಂದೆ ನಿಂತು ನೋಡುತ್ತಾರೆ. ನಮ್ಮಲ್ಲಿ ಈಗ ಒಂದು ನಿಯಮ: ಮೌಸ್ ಹಿಡಿದವರು ಮಾತಾಡುವ ಹಾಗಿಲ್ಲ, ಹೇಳುವವರು ಮುಟ್ಟುವ ಹಾಗಿಲ್ಲ. "ಕೆಂಪು ತಂತಿ ತೆಗೆದು ಬಲ್ಬಿನ ಕೆಳಗೆ ಹಾಕು" ಎಂದು ಬಾಯಲ್ಲಿ ಹೇಳಬೇಕಾದರೆ ವಿದ್ಯುನ್ಮಂಡಲ ತಲೆಯಲ್ಲಿ ಇರಬೇಕು. ಎರಡು ನಿಮಿಷಕ್ಕೊಮ್ಮೆ ಬದಲು.

ಪಠ್ಯಪುಸ್ತಕದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ದೀಕ್ಷಾ ಆ್ಯಪಿನಲ್ಲಿ ಪಾಠಗಳು ಸಿಗುತ್ತವೆ. ಗೈರಾದ ಮಗು ಮನೆಯಲ್ಲಿ ನೋಡಿಕೊಳ್ಳಲು ನಾನು ಅದನ್ನೇ ಹೇಳುವುದು, ಮೊದಲೇ ಇಳಿಸಿಟ್ಟುಕೊಳ್ಳಬಹುದು. ಗಣಿತದ ಸಹೋದ್ಯೋಗಿ ಆಕೃತಿ ಬಿಡಿಸುವ ಜಿಯೋಜೀಬ್ರಾ ತಂತ್ರಾಂಶ ಬಳಸುತ್ತಾರೆ, ವೃತ್ತಕ್ಕೆ ಸ್ಪರ್ಶಕ ಎಳೆಯುವ ಪಾಠ ನೋಡಿ ನಾನೂ ಕಲಿತೆ. ಇವೆಲ್ಲ ಒಂದಕ್ಕೊಂದು ಬದಲಿಯಲ್ಲ.

ಶುರುಮಾಡುವವರು ಮೇ ಕೊನೆಯೊಳಗೆ ಇಳಿಸಿಕೊಳ್ಳಿ, ಮಳೆ ಹಿಡಿದ ಮೇಲೆ ನೆಟ್‌ವರ್ಕ್ ನಂಬಬೇಡಿ. ಹೊಸನಗರಕ್ಕೋ ಶಿವಮೊಗ್ಗಕ್ಕೋ ಹೋದ ದಿನ ಒಂದು ಗಂಟೆ ಕೂತರೆ ಇಡೀ ವರ್ಷದ್ದು ಮುಗಿಯುತ್ತದೆ. ಹತ್ತನೇ ಕ್ಲಾಸಿಗೆ ನನ್ನ ಪಟ್ಟಿ: ಡಿಸಿ ವಿದ್ಯುನ್ಮಂಡಲ, ಪಿಎಚ್ ಸ್ಕೇಲ್, ರಾಸಾಯನಿಕ ಸಮೀಕರಣ ಸರಿದೂಗಿಸುವುದು, ಬೆಳಕಿನ ಬಾಗುವಿಕೆ, ಮಸೂರಗಳದ್ದು, ಫ್ಯಾರಡೆ. ಆರು ಸಾಕು. ಪ್ರತಿಯೊಂದನ್ನೂ ಮನೆಯಲ್ಲಿ ಒಮ್ಮೆ ಕೆಡಿಸಿ ನೋಡಿ, ಆಮೇಲೆ ಕ್ಲಾಸಿಗೆ ಒಯ್ಯಿರಿ. ಫೈಲಿನ ಎರಡು ಪ್ರತಿ ಇರಲಿ, ನಮ್ಮ ಒಂದು ಪೆನ್‌ಡ್ರೈವ್ ಬೂಷ್ಟು ಹಿಡಿದು ಹೋಯಿತು.

ಫೆಟ್‌ನವರು ಅನುವಾದಕ್ಕೆ ಒಂದು ಸಲಕರಣೆ ಇಟ್ಟಿದ್ದಾರೆ, ಪ್ರೋಗ್ರಾಮಿಂಗ್ ಬರಬೇಕಾಗಿಲ್ಲ, ಪದ ತುಂಬಿಸಿದರಾಯಿತು. ಈ ಬೇಸಿಗೆ ರಜೆಯಲ್ಲಿ ನಮ್ಮ ಕನ್ನಡ ಮೇಷ್ಟ್ರೂ ನಾನೂ ಒಂದನ್ನು ಹಿಡಿಯೋಣ ಎಂದು ಮಾತಾಡಿಕೊಂಡಿದ್ದೇವೆ. ಪಿಎಚ್ ಅಳೆಯುವ ಆ ಸಾಧನಕ್ಕೆ ಏನೆನ್ನಬೇಕು ಎಂದು ಅವರು ನಿಘಂಟು ತೆಗೆದು ಶೋಧಕ, ಮಾಪಕ ಎಂದೆಲ್ಲ ನೋಡಿದರು. ಒಂಬತ್ತನೇ ಕ್ಲಾಸಿನವರನ್ನು ಕರೆದು ತೋರಿಸಿ ಕೇಳಿದೆ. "ಅದ್ದುಗಡ್ಡಿ" ಅಂದಳು ಒಬ್ಬಳು. ಮೇಷ್ಟ್ರು ಅದನ್ನೇ ಬರೆದುಕೊಂಡಿದ್ದಾರೆ.